ಎದುರು ಬಾಹು ಸಮಾಂತರ ಇದ್ದರೂ ಮಡಚಿದರೆ ಯಾಕೆ ಕೂಡುವುದಿಲ್ಲ?

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಟೆಸ್ಟಿನಲ್ಲಿ "ಸಮಾಂತರ ಚತುರ್ಭುಜಕ್ಕೆ ಎಷ್ಟು ಸಮಮಿತಿ ರೇಖೆಗಳಿವೆ?" ಅಂತ ಕೇಳಿದ್ದರು. ಇವನು ಎರಡು ಕರ್ಣ ಎಳೆದು "2" ಅಂತ ಬರೆದಿದ್ದಾನೆ, ತಪ್ಪು ಹಾಕಿದ್ದಾರೆ. ಅದೇ ಪೇಪರಿನಲ್ಲಿ "ತ್ರಾಪಿಜ್ಯಕ್ಕೆ 1" ಅಂತ ಬರೆದದ್ದಕ್ಕೆ ಮಾರ್ಕು ಸಿಕ್ಕಿದೆ (ತ್ರಾಪಿಜ್ಯ ಅಂದರೆ ಒಂದು ಜೊತೆ ಬಾಹು ಸಮಾಂತರ ಇರುವ ಚತುರ್ಭುಜ). ಕರ್ಣ ಎಳೆದರೆ ಎರಡು ಸಮ ಭಾಗ ಆಗುತ್ತದೆ ಅಲ್ವಾ? ಎರಡು ಜೊತೆ ಬಾಹು ಸಮಾಂತರ ಇರುವ ಆಕೃತಿಗೆ ಒಂದೂ ರೇಖೆ ಇಲ್ಲ, ಒಂದು ಜೊತೆಯೂ ಸಮಾಂತರ ಇಲ್ಲದ ಗಾಳಿಪಟಕ್ಕೆ ಒಂದು ರೇಖೆ ಇದೆ ಅಂದರೆ ಇದೇನು ಲೆಕ್ಕ? ಸುಮ್ನೆ ಬಾಯಿಪಾಠ ಮಾಡಿಸಿಬಿಡಲಾ?

ಉತ್ತರ: ಬಾಯಿಪಾಠ ಬೇಡ ಮೇಡಂ. ಮಾಡಿಸಿದರೆ ಪರೀಕ್ಷೆ ತನಕ ಇರುತ್ತದೆ, ಬೇಸಿಗೆ ರಜೆಯಲ್ಲಿ ಮಾವಿನಹಣ್ಣಿನ ಜೊತೆ ಕರಗಿ ಹೋಗುತ್ತದೆ. ನಾನು ಗಣಿತ ಹೇಳಿಕೊಟ್ಟ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಪ್ರತಿ ಬ್ಯಾಚಿನಲ್ಲೂ ಅರ್ಧ ಕ್ಲಾಸು ಇದೇ ತಪ್ಪು ಮಾಡುತ್ತಿತ್ತು. ಅದು ದಡ್ಡತನದ ತಪ್ಪಲ್ಲ. ಕಣ್ಣಿಗೆ ಆ ಆಕೃತಿ ಅಷ್ಟು ಅಚ್ಚುಕಟ್ಟಾಗಿ ಕಾಣುತ್ತದೆ, ಎದುರುಬದುರು ಎಲ್ಲ ಸಮ, ಎಲ್ಲ ಸಮಾಂತರ, ಅದಕ್ಕೆ ಒಂದು ಸಮಮಿತಿ ರೇಖೆಯೂ (ಮಡಚಿದರೆ ಎರಡೂ ಭಾಗ ಅಂಚಿಗೆ ಅಂಚು ಕೂಡುವ ಗೆರೆ) ಇಲ್ಲ ಅಂದರೆ ಯಾರಿಗಾದರೂ ಅನ್ಯಾಯ ಅನ್ನಿಸುತ್ತದೆ. ಆದರೆ ಟೀಚರ್ ತಪ್ಪು ಹಾಕಿದ್ದು ಸರಿಯಾಗಿಯೇ ಇದೆ. ಉತ್ತರ ಸೊನ್ನೆ.

ಯಾಕೆ ಸೊನ್ನೆ ಅಂತ ನೋಡಲು ಅಡುಗೆಮನೆಯಿಂದ ಒಂದು ಬೆಂಕಿಪೊಟ್ಟಣ ತನ್ನಿ. ಕಡ್ಡಿ ಇರುವ ಒಳಗಿನ ಡಬ್ಬಿ ತೆಗೆದಿಡಿ. ಹೊರಗಿನ ಖಾಲಿ ಕವಚವನ್ನು ತೆರೆದ ಬಾಯಿ ನಿಮ್ಮ ಕಡೆ ಬರುವ ಹಾಗೆ ಹಿಡಿಯಿರಿ. ಈಗ ಆ ಬಾಯಿ ಒಂದು ಆಯತ. ಮೇಲಿನ ಒಂದು ಮೂಲೆಯನ್ನು ಬೆರಳಿನಿಂದ ಮೆತ್ತಗೆ ಪಕ್ಕಕ್ಕೆ ತಳ್ಳಿ. ಕವಚ ವಾಲುತ್ತದೆ. ಬಾಹುಗಳ ಉದ್ದ ಬದಲಾಗಲಿಲ್ಲ, ಎದುರು ಬಾಹುಗಳು ಇನ್ನೂ ಸಮಾಂತರವಾಗಿಯೇ ಇವೆ. ಎಷ್ಟು ತಳ್ಳಿದರೂ, ಪೂರ್ತಿ ಚಪ್ಪಟೆ ಆಗುವ ತನಕ, ಸಮಾಂತರ ಹೋಗುವುದಿಲ್ಲ. ಆದರೆ ತಳ್ಳುವ ಮೊದಲು ಆಯತಕ್ಕೆ ಮಧ್ಯದಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು ಸಮಮಿತಿ ರೇಖೆ ಇದ್ದವು. ಬೆರಳು ತಾಗಿ ಒಂದು ಕೂದಲೆಳೆಯಷ್ಟು ವಾಲಿದ ಕ್ಷಣಕ್ಕೇ ಎರಡೂ ಮಾಯ. ಸಮಾಂತರ ಗಟ್ಟಿ, ಸಮಮಿತಿ ರೇಖೆ ನಾಜೂಕು. ಎರಡೂ ಬೇರೆ ಬೇರೆ ಗುಣಗಳು, ಒಂದಿದ್ದರೆ ಇನ್ನೊಂದು ಇರಲೇಬೇಕು ಅಂತ ಏನಿಲ್ಲ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಈಗ "ಕರ್ಣ ಎಳೆದರೆ ಎರಡು ಸಮ ಭಾಗ ಆಗುತ್ತದೆ ಅಲ್ವಾ" ಅನ್ನುವ ಮಾತಿಗೆ ಬರೋಣ. ಆಗುತ್ತದೆ, ಖಂಡಿತ ಆಗುತ್ತದೆ. ಎರಡು ತ್ರಿಭುಜಗಳೂ ಸರ್ವಸಮ, ಕತ್ತರಿಸಿ ಒಂದರ ಮೇಲೊಂದು ಇಟ್ಟರೆ ಕರಾರುವಾಕ್ಕಾಗಿ ಕೂರುತ್ತವೆ. ಆದರೆ ಸಮಮಿತಿ ರೇಖೆ ಕೇಳುವುದು ಅದನ್ನಲ್ಲ. ಕತ್ತರಿಸದೆ, ತಿರುಗಿಸದೆ, ಆ ಗೆರೆಯ ಮೇಲೆ ಬರೀ ಮಡಚಿದರೆ ಅಂಚಿಗೆ ಅಂಚು ಕೂಡುತ್ತದಾ ಅಂತ ಕೇಳುತ್ತದೆ. ಮಗನ ಕೈಗೆ ಒಂದು ಎ4 ಹಾಳೆ ಕೊಡಿ. ಅದು 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದದ ಆಯತ. ಮೂಲೆಯಿಂದ ಮೂಲೆಗೆ, ಕರ್ಣದ ಮೇಲೆ ಮಡಚಲಿ. ಮಡಿಕೆ ಸರಿಯಾಗಿ ಬಂದರೆ ಎರಡು ಕಿವಿಗಳು ಅತ್ತ ಒಂದು ಇತ್ತ ಒಂದು ಚಾಚಿಕೊಳ್ಳುತ್ತವೆ. ಒಂದು ಮೂಲೆ ಇನ್ನೊಂದರ ಮೇಲೆ ಬೀಳುವುದೇ ಇಲ್ಲ.

ಯಾಕೆ ಅಂದರೆ ಆ ಕರ್ಣ ಉದ್ದದ ಬಾಹುವಿನ ಜೊತೆ ಸುಮಾರು 35 ಡಿಗ್ರಿ ಕೋನ ಮಾಡುತ್ತದೆ, ಗಿಡ್ಡ ಬಾಹುವಿನ ಜೊತೆ ಸುಮಾರು 55. ಮಡಚಿದಾಗ ಒಂದು ಬಾಹು ಇನ್ನೊಂದರ ಮೇಲೆ ಕೂರಬೇಕು ಅಂದರೆ ಎರಡು ಕೋನಗಳೂ ಒಂದೇ ಆಗಿರಬೇಕು, ಎರಡು ಬಾಹುಗಳ ಉದ್ದವೂ ಒಂದೇ ಆಗಿರಬೇಕು. ಹಾಳೆಯನ್ನು ಚೌಕವಾಗಿ ಕತ್ತರಿಸಿ ಮಡಚಿದರೆ 45, 45. ಆಗ ಕೂಡುತ್ತದೆ.

ಮಡಚಿದ ಹಾಳೆಯನ್ನು ಬಿಸಾಡಬೇಡಿ, ಅದರಲ್ಲಿ ಒಂದು ಮಜಾ ಇದೆ. ಚಾಚಿಕೊಂಡ ಎರಡು ಕಿವಿಗಳ ತುದಿಗೆ ತುದಿ ಸ್ಕೇಲ್ ಇಟ್ಟು ನೋಡಿ. ಆ ಗೆರೆ ಮಡಿಕೆಗೆ ಸಮಾಂತರ. ಎರಡು ತ್ರಿಭುಜಗಳೂ ಒಂದೇ ಅಳತೆಯವು, ಎರಡಕ್ಕೂ ಮಡಿಕೆಯೇ ತಳ, ಹಾಗಾಗಿ ಎರಡರ ಎತ್ತರವೂ ಒಂದೇ. ಇನ್ನೂ ನೋಡಿ, ಮಡಚಿ ಬಂದ ಆ ವಿಚಿತ್ರ ಐದು ಮೂಲೆಯ ಆಕೃತಿಗೆ ಸ್ವತಃ ಒಂದು ಸಮಮಿತಿ ರೇಖೆ ಇದೆ, ಮಡಿಕೆಯ ನಟ್ಟನಡುವೆ ಲಂಬವಾಗಿ. ಹಾಳೆಯನ್ನು ಅಲ್ಲಿ ಇನ್ನೊಮ್ಮೆ ಮಡಚಿದರೆ ಕಿವಿಗೆ ಕಿವಿ ಕೂಡುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದಾಗ ಬರುವ "ಓಹ್" ನನಗೆ ಇವತ್ತಿಗೂ ಇಷ್ಟ.

ಸರಿ, ಹಾಗಾದರೆ ಸಮಾಂತರ ಚತುರ್ಭುಜದಲ್ಲಿ ಕಣ್ಣಿಗೆ ಕಾಣುವ ಆ ಅಚ್ಚುಕಟ್ಟುತನ ಏನು? ಅದು ಸುಳ್ಳಲ್ಲ. ಅಲ್ಲಿ ನಿಜವಾಗಿಯೂ ಸಮಮಿತಿ ಇದೆ, ಆದರೆ ಮಡಚುವ ಸಮಮಿತಿ ಅಲ್ಲ, ತಿರುಗಿಸುವ ಸಮಮಿತಿ. ರಟ್ಟಿನಲ್ಲಿ ಒಂದು ಸಮಾಂತರ ಚತುರ್ಭುಜ ಕತ್ತರಿಸಿ, ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಎರಡು ಕರ್ಣ ಸೇರುವ ಜಾಗಕ್ಕೆ ಒಂದು ಗುಂಡುಸೂಜಿ ಚುಚ್ಚಿ ಅರ್ಧ ಸುತ್ತು ತಿರುಗಿಸಿ. ಗೆರೆಯೊಳಗೆ ಮತ್ತೆ ಸರಿಯಾಗಿ ಕೂರುತ್ತದೆ. ಇಂಗ್ಲಿಷಿನ ಝೆಡ್, ಎನ್, ಎಸ್ ಅಕ್ಷರಗಳೂ ಇದೇ ಜಾತಿ. ಪುಸ್ತಕ ತಲೆಕೆಳಗು ಮಾಡಿದರೂ ಝೆಡ್ ಝೆಡ್ಡೇ. ಕನ್ನಡಿಯಲ್ಲಿ ನೋಡಿದರೆ ಮಾತ್ರ ಉಲ್ಟಾ.

ಸಮಾಂತರ ಬಾಹುಗಳು ಹುಟ್ಟುವುದು ಈ ಅರ್ಧ ಸುತ್ತಿನಿಂದ. ಒಂದು ಕೋಲು ಪೂರ್ವ ಪಶ್ಚಿಮವಾಗಿ ಬಿದ್ದಿದೆ ಅಂತ ಇಟ್ಟುಕೊಳ್ಳಿ. ಯಾವುದೇ ಬಿಂದುವಿನ ಸುತ್ತ ಅದನ್ನು ಅರ್ಧ ಸುತ್ತು ತಿರುಗಿಸಿ. ಜಾಗ ಬದಲಾಗಬಹುದು, ಆದರೆ ಕೋಲು ಮತ್ತೆ ಪೂರ್ವ ಪಶ್ಚಿಮವಾಗಿಯೇ ಬಿದ್ದಿರುತ್ತದೆ. ಓರೆಯಾಗಿದ್ದರೆ ಅದೇ ಓರೆ. ಅಂದರೆ ಅರ್ಧ ಸುತ್ತು ಓರೆಯನ್ನು ಕಾಪಾಡುತ್ತದೆ. ಮಡಿಕೆ ಹಾಗಲ್ಲ. ಬಲಕ್ಕೆ ವಾಲಿದ ಕೋಲನ್ನು ನೆಟ್ಟಗಿನ ಗೆರೆಯ ಮೇಲೆ ಮಡಚಿದರೆ ಅದು ಎಡಕ್ಕೆ ವಾಲುತ್ತದೆ. ಕನ್ನಡಿ ನೋಡಿಕೊಳ್ಳುವಾಗ ನೀವು ಬಲಗೈ ಎತ್ತಿದರೆ ಅಲ್ಲಿನವರು ಎಡಗೈ ಎತ್ತಿದ ಹಾಗೆ ಕಾಣುವುದಿಲ್ವಾ, ಹಾಗೆ. ಸಮಾಂತರ ಚತುರ್ಭುಜದ ಎರಡು ಓರೆ ಬಾಹುಗಳೂ ಒಂದೇ ಕಡೆಗೆ ವಾಲಿವೆ. ಮಡಿಕೆಗೆ ಬೇಕಾದದ್ದು ಒಂದು ಬಲಕ್ಕೆ, ಒಂದು ಎಡಕ್ಕೆ. ಗಾಳಿಪಟದಲ್ಲಿ ಅದೇ ಇದೆ. ಬೆನ್ನಿನ ಕಡ್ಡಿಯ ಎರಡೂ ಪಕ್ಕ ಬಾಹುಗಳು ಒಂದೊಂದು ಕಡೆಗೆ ವಾಲಿವೆ, ಒಂದೇ ಉದ್ದ ಇವೆ. ಅದಕ್ಕೇ ಸಮಾಂತರ ಒಂದೂ ಇಲ್ಲದೆ ಸಮಮಿತಿ ರೇಖೆ ಇದೆ. ನಿಮ್ಮ "ಇದೇನು ಲೆಕ್ಕ" ಅನ್ನುವುದಕ್ಕೆ ಉತ್ತರ ಇಷ್ಟೇ.

"ಸರಿ ಸಾರ್, ಆದರೆ ನಾವು ನೋಡದ ಬೇರೆ ಯಾವುದೋ ಓರೆ ಗೆರೆಯ ಮೇಲೆ ಮಡಚಿದರೆ ಕೂಡಬಹುದಲ್ಲ?" ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೆ ಪ್ರಶ್ನೆ. ಸಾವಿರ ಗೆರೆ ಎಳೆದು ನೋಡಬೇಕಿಲ್ಲ, ನಾಲ್ಕು ಬಾಹುವಿನ ಆಕೃತಿಗೆ ನಾಲ್ಕೇ ಅಭ್ಯರ್ಥಿಗಳು. ಮಡಚಿದಾಗ ಪ್ರತಿ ಮೂಲೆ ಇನ್ನೊಂದು ಮೂಲೆಯ ಮೇಲೆ ಬೀಳಬೇಕು, ಇಲ್ಲವೇ ಮಡಿಕೆಯ ಮೇಲೇ ಇರಬೇಕು. ಇರುವುದು ನಾಲ್ಕು ಮೂಲೆ. ಜೊತೆ ಜೊತೆಯಾಗಿ ಹೋದ ಮೇಲೆ ಉಳಿಯುವುದು ಎರಡು ಅಥವಾ ಸೊನ್ನೆ. ಎರಡು ಮೂಲೆ ಮಡಿಕೆಯ ಮೇಲಿದ್ದರೆ ಆ ಮಡಿಕೆ ಕರ್ಣ. ಒಂದೂ ಇಲ್ಲದಿದ್ದರೆ ಆ ಮಡಿಕೆ ಎದುರು ಬಾಹುಗಳ ನಡುಬಿಂದುಗಳಿಂದ ಹೋಗುವ ಗೆರೆ. ಎರಡು ಕರ್ಣ, ಎರಡು ನಡುಗೆರೆ, ಮುಗಿಯಿತು.

ಈಗ ಇವು ಏನು ಕೇಳುತ್ತವೆ ನೋಡಿ. ಕರ್ಣದ ಮೇಲೆ ಮಡಚಬೇಕು ಅಂದರೆ ಅದರ ತುದಿಯಲ್ಲಿ ಸೇರುವ ಅಕ್ಕಪಕ್ಕದ ಬಾಹುಗಳು ಒಂದೇ ಉದ್ದ ಇರಬೇಕು. ನಡುಗೆರೆಯ ಮೇಲೆ ಮಡಚಬೇಕು ಅಂದರೆ ಆ ಗೆರೆ ಎರಡೂ ಬಾಹುಗಳನ್ನು ಲಂಬವಾಗಿ ದಾಟಬೇಕು. ಸಮಾಂತರ ಚತುರ್ಭುಜದಲ್ಲಿ ಅದಾಗುವುದು ಮೂಲೆಗಳು 90 ಡಿಗ್ರಿ ಇದ್ದಾಗ ಮಾತ್ರ. ನಾಲ್ಕೂ ಬಾಹು ಸಮ ಇರುವ ವಜ್ರಾಕೃತಿಗೆ ಮೊದಲನೆಯದು ಇದೆ, ಹಾಗಾಗಿ ಎರಡು ಕರ್ಣ ಎರಡು ರೇಖೆ. ಆಯತಕ್ಕೆ ಎರಡನೆಯದು ಇದೆ, ಹಾಗಾಗಿ ಎರಡು ನಡುಗೆರೆ. ಚೌಕಕ್ಕೆ ಎರಡೂ ಇವೆ, ನಾಲ್ಕು. ಬರೀ ಸಮಾಂತರ ಚತುರ್ಭುಜಕ್ಕೆ ಎರಡೂ ಇಲ್ಲ, ಸೊನ್ನೆ. ಮಗನಿಗೆ ನೆನಪಿರಬೇಕಾದ್ದು ಎರಡೇ ಪ್ರಶ್ನೆ: ಅಕ್ಕಪಕ್ಕದ ಬಾಹು ಸಮವಾ? ಮೂಲೆ ನೆಟ್ಟಗಿದೆಯಾ?

ಇದೇ ದಾರಿಯಲ್ಲಿ ಇನ್ನೊಂದು ತಮಾಷೆ. ಮೂರೇ ಮೂರು ಸಮಮಿತಿ ರೇಖೆ ಇರುವ ಚತುರ್ಭುಜ ಇದೆಯಾ ಅಂತ ಮಗನನ್ನು ಕೇಳಿ, ಅರ್ಧ ಗಂಟೆ ಮನೆ ಶಾಂತವಾಗಿರುತ್ತದೆ. ಇಲ್ಲ. ನಾಲ್ಕು ಅಭ್ಯರ್ಥಿಗಳಲ್ಲಿ ಮೂರು ಗೆದ್ದರೆ ಅದರಲ್ಲಿ ಒಂದಾದರೂ ಕರ್ಣ, ಒಂದಾದರೂ ನಡುಗೆರೆ ಇರಲೇಬೇಕು. ಕರ್ಣ ಗೆದ್ದರೆ ಅಕ್ಕಪಕ್ಕದ ಬಾಹು ಸಮ, ನಡುಗೆರೆ ಗೆದ್ದರೆ ಎದುರು ಬಾಹು ಸಮ, ಎರಡೂ ಸೇರಿದರೆ ನಾಲ್ಕೂ ಸಮ. ನಾಲ್ಕೂ ಸಮ ಇರುವ ಆಕೃತಿ ನಡುಗೆರೆಯಲ್ಲೂ ಮಡಚಿಕೊಳ್ಳುತ್ತದೆ ಅಂದರೆ ಅದು ಚೌಕವೇ, ನಾಲ್ಕನೆಯ ರೇಖೆ ತಾನಾಗಿ ಬಂದುಬಿಡುತ್ತದೆ.

ಪುಸ್ತಕ ಬಿಟ್ಟು ಅಡುಗೆಮನೆಗೆ ಬನ್ನಿ. ಶಂಕರಪೋಳಿ ಮಾಡುವಾಗ ಲಟ್ಟಿಸಿದ ಹಿಟ್ಟಿನ ಮೇಲೆ ಮೊದಲು ಉದ್ದಕ್ಕೆ ಸಮಾಂತರ ಗೆರೆ ಹಾಕುತ್ತೀರಿ, ಆಮೇಲೆ ಓರೆಯಾಗಿ ಇನ್ನೊಂದು ಸಾಲು ಸಮಾಂತರ ಗೆರೆ. ಎರಡೇ ಸಲ ಕೈ ಆಡಿಸಿದರೆ ನೂರು ತುಂಡು. ನಡುವಿನ ಪ್ರತಿ ತುಂಡಿನಲ್ಲೂ ಎರಡು ಜೊತೆ ಸಮಾಂತರ ಬಾಹು ತಾನಾಗಿಯೇ ಬಂದಿರುತ್ತವೆ, ನೀವು ಅಳೆದಿರುವುದಿಲ್ಲ. ಆದರೆ ಸಮಮಿತಿ ರೇಖೆ ಬಂತಾ? ಅದು ಗೆರೆಗಳ ನಡುವಿನ ಜಾಗದ ಮೇಲೆ ನಿಂತಿದೆ. ಎರಡೂ ಸಾಲಿನಲ್ಲಿ ಗೆರೆಗಳ ನಡುವೆ ಎರಡೆರಡು ಸೆಂಟಿಮೀಟರ್ ಬಿಟ್ಟಿದ್ದರೆ ತುಂಡು ವಜ್ರಾಕೃತಿ, ಎರಡು ರೇಖೆ. ಒಂದು ಸಾಲಿನಲ್ಲಿ ಎರಡು, ಇನ್ನೊಂದರಲ್ಲಿ ಮೂರು ಬಿಟ್ಟಿದ್ದರೆ ಬರೀ ಸಮಾಂತರ ಚತುರ್ಭುಜ, ಸೊನ್ನೆ. ಅಂಗಡಿಯ ಕಾಜು ಬರ್ಫಿಯನ್ನೂ ಹೀಗೇ ನೋಡಿ. ನಾವು "ಡೈಮಂಡ್ ಶೇಪ್" ಅಂತ ಕರೆಯುವ ಬರ್ಫಿಗಳಲ್ಲಿ ಎಷ್ಟೋ ನಿಜವಾದ ಡೈಮಂಡೇ ಅಲ್ಲ, ಒಂದು ಬಾಹು ಸ್ವಲ್ಪ ಉದ್ದ ಇರುತ್ತದೆ. ಅಂಚಿನಲ್ಲಿ ಉಳಿಯುವ ತುಂಡುಗಳಲ್ಲಿ ತ್ರಾಪಿಜ್ಯ, ತ್ರಿಭುಜ ಎಲ್ಲ ಸಿಗುತ್ತವೆ. ಅವನ್ನು ಕರಿಯುವ ಮೊದಲು ಮಗನ ಮುಂದೆ ಇಟ್ಟು ಹೆಸರು ಹೇಳಿಸಿ, ನೋಟ್‌ಬುಕ್ಕಿಗಿಂತ ಜಾಸ್ತಿ ಕಲಿಯುತ್ತಾನೆ.

ಸಮಾಂತರ ಇದೆ, ಆದರೂ ಏನೋ ಸರಿ ಇಲ್ಲ ಅನ್ನುವ ಅನುಭವ ನನಗೆ ಹಣ ಕೊಟ್ಟು ಆಗಿದೆ. ಮನೆ ಕಟ್ಟಿಸಿದಾಗ ಹಾಲ್ 12 ಅಡಿ, 10 ಅಡಿ. ಮೇಸ್ತ್ರಿ ಟೇಪು ಹಿಡಿದು ತೋರಿಸಿದರು, ಈ ಗೋಡೆ 12, ಎದುರು ಗೋಡೆ 12, ಇದು 10, ಅದೂ 10. ನಾನೂ ತಲೆ ಆಡಿಸಿದೆ, ಗಣಿತದ ಮೇಷ್ಟ್ರು ಬೇರೆ. ಟೈಲ್ಸ್ ಹಾಕುವಾಗ ಬಾಗಿಲ ಹತ್ತಿರ ಪೂರ್ತಿ ಕೂತ ಸಾಲು, ಎದುರು ಗೋಡೆ ತಲುಪುವಷ್ಟರಲ್ಲಿ ಎರಡು ಇಂಚು ಕತ್ತರಿಸಬೇಕಾಯಿತು. ಟೈಲ್ಸ್ ಹಾಕುವ ಹುಡುಗ ಏನೂ ಮಾತಾಡದೆ ಟೇಪು ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದ. ಎರಡು ಕರ್ಣಗಳ ನಡುವೆ ಮೂರು ಇಂಚು ವ್ಯತ್ಯಾಸ. ನನ್ನ ಹಾಲ್ ಆಯತ ಅಲ್ಲ, ಸಮಾಂತರ ಚತುರ್ಭುಜ. ಎದುರು ಗೋಡೆ ಸಮ ಇದ್ದರೆ ಗೋಡೆ ಸಮಾಂತರ ಆಗುತ್ತದೆ, ಅಷ್ಟೇ, ಮೂಲೆ ನೆಟ್ಟಗಾಗುವುದಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ಮೂಲೆ 90ರ ಬದಲು 89 ಡಿಗ್ರಿ ಇದ್ದರೆ ಸಾಕು, ಈ ಅಳತೆಯ ಕೋಣೆಯಲ್ಲಿ ಕರ್ಣಗಳು ಮೂರು ಇಂಚಿಗಿಂತ ಸ್ವಲ್ಪ ಜಾಸ್ತಿ ಬೇರೆಯಾಗುತ್ತವೆ, 10 ಅಡಿ ಹೋಗುವಷ್ಟರಲ್ಲಿ ಗೋಡೆ ಎರಡು ಇಂಚು ಜರುಗುತ್ತದೆ. ಒಂದೇ ಒಂದು ಡಿಗ್ರಿ! ಕಣ್ಣಿಗೆ ಕಾಣುವುದಿಲ್ಲ, ಟೈಲ್ಸ್ ಹೇಳುತ್ತದೆ. ಅದಕ್ಕೇ ಪಾಯ ಹಾಕುವಾಗಲೇ ದಾರ ಕಟ್ಟಿ ಎರಡು ಕರ್ಣ ಅಳೆದು ನೋಡಬೇಕು. ಎದುರು ಬಾಹು ಸಮ, ಕರ್ಣಗಳೂ ಸಮ ಅಂದರೆ ಅದು ಆಯತ, ಬೇರೆ ದಾರಿ ಇಲ್ಲ. ಮೇಸ್ತ್ರಿಗೆ ಬೈಯಲು ಹೋಗಲಿಲ್ಲ, ನಾನೇ ಪಾಠ ಮಾಡಿದ ಪ್ರಮೇಯ ನನಗೇ ನೆನಪಾಗಿರಲಿಲ್ಲವಲ್ಲ.

ನಾಲ್ಕು ಬಾಹು ಸಾಕು. ಮಗ ಮುಂದೆ ಖಂಡಿತ ಕೇಳುವ ಪ್ರಶ್ನೆ ಐದು, ಆರು ಬಾಹುಗಳದ್ದು. ಅದಕ್ಕೆ ಹಳೇ ನಾಣ್ಯದ ಡಬ್ಬಿ ತೆಗೆಯಿರಿ. ಇಪ್ಪತ್ತು ಪೈಸೆಯ ಹಗುರ ಅಲ್ಯೂಮಿನಿಯಂ ನಾಣ್ಯ ನೆನಪಿದೆಯಾ? ಆರು ಬಾಹು. ತೊಂಬತ್ತರ ದಶಕದ ಎರಡು ರೂಪಾಯಿ ನಾಣ್ಯದ ಅಂಚನ್ನು ಉಗುರಿನಿಂದ ಎಣಿಸಿ, 11 ಬಾಹು. ಈಗಿನ ಇಪ್ಪತ್ತು ರೂಪಾಯಿ ನಾಣ್ಯ 12 ಬಾಹು. ನಾಣ್ಯದ ಮೇಲಿನ ಚಿತ್ರ, ಅಕ್ಷರ ಬಿಡಿ, ಬರೀ ಅಂಚು ನೋಡಿ. ಎಲ್ಲ ಬಾಹು, ಎಲ್ಲ ಕೋನ ಸಮ ಇರುವ ಆಕೃತಿಯಲ್ಲಿ ಬಾಹು ಎಷ್ಟೋ ಅಷ್ಟು ಸಮಮಿತಿ ರೇಖೆ. ಹಾಗಾಗಿ 6, 11, 12. ಇದು ಸುಲಭ.

ಸಮಾಂತರದ ಕಥೆ ಮಾತ್ರ ಬೇರೆ. ಇಪ್ಪತ್ತು ಪೈಸೆಯಲ್ಲಿ 3 ಜೊತೆ ಸಮಾಂತರ ಬಾಹು, ಇಪ್ಪತ್ತು ರೂಪಾಯಿಯಲ್ಲಿ 6 ಜೊತೆ, ಎರಡು ರೂಪಾಯಿಯಲ್ಲಿ ಒಂದೇ ಒಂದು ಜೊತೆಯೂ ಇಲ್ಲ. 11 ಸಮಮಿತಿ ರೇಖೆ ಇಟ್ಟುಕೊಂಡು ಸಮಾಂತರ ಸೊನ್ನೆ! ಸಮಾಂತರ ಚತುರ್ಭುಜದ ನೇರ ಉಲ್ಟಾ. ಯಾಕೆ ಅನ್ನುವುದು ನಡೆದು ನೋಡಿದರೆ ಗೊತ್ತಾಗುತ್ತದೆ. ನೀವು ಒಂದು ಇರುವೆ, ನಾಣ್ಯದ ಅಂಚಿನ ಮೇಲೆ ನಡೆಯುತ್ತಿದ್ದೀರಿ ಅಂದುಕೊಳ್ಳಿ. ಆರು ಬಾಹುವಿನ ನಾಣ್ಯದಲ್ಲಿ ಪ್ರತಿ ಮೂಲೆಯಲ್ಲಿ 60 ಡಿಗ್ರಿ ತಿರುಗುತ್ತೀರಿ. ಮೂರು ಮೂಲೆ ದಾಟಿದರೆ 180, ಅಂದರೆ ಹೊರಟ ದಿಕ್ಕಿಗೆ ಪೂರ್ತಿ ವಿರುದ್ಧವಾಗಿ ನಡೆಯುತ್ತಿದ್ದೀರಿ. ಹೋಗುವ ರಸ್ತೆ, ಬರುವ ರಸ್ತೆ ಸಮಾಂತರ. ಹನ್ನೊಂದು ಬಾಹುವಿನದರಲ್ಲಿ ಪ್ರತಿ ಮೂಲೆಯ ತಿರುವು 360ನ್ನು 11ರಿಂದ ಭಾಗಿಸಿದಷ್ಟು, ಹತ್ತಿರ ಹತ್ತಿರ 32.7. ಐದು ಮೂಲೆಗೆ 163 ಚಿಲ್ಲರೆ, ಆರು ಮೂಲೆಗೆ 196 ಚಿಲ್ಲರೆ. 180ನ್ನು ಹಾರಿ ಹೋಗಿಬಿಡುತ್ತೀರಿ. ಬೆಸ ಸಂಖ್ಯೆಯ ಬಾಹು ಇದ್ದಾಗ ಯಾವತ್ತೂ ಹೀಗೇ, ಒಂದು ಬಾಹುವಿನ ಎದುರಿಗೆ ಬಾಹು ಸಿಗುವುದಿಲ್ಲ, ಮೂಲೆ ಸಿಗುತ್ತದೆ. ಸಮಬಾಹು ತ್ರಿಭುಜದಲ್ಲಿ ಮೂರು ಸಮಮಿತಿ ರೇಖೆ ಇದ್ದೂ ಸಮಾಂತರ ಇಲ್ಲದಿರುವುದಕ್ಕೂ ಇದೇ ಕಾರಣ. ಬ್ರಿಟನ್ನಿನ 50 ಪೆನ್ಸ್ ನಾಣ್ಯ ಸಿಕ್ಕರೆ ನೋಡಿ, ಅದಕ್ಕೆ 7 ಬಾಹು. ಅಲ್ಲೂ ಅಷ್ಟೆ, ಬಾಹುವಿನ ಎದುರು ಮೂಲೆ.

ಕೈಯಲ್ಲಿ ಮಾಡಿ ನೋಡುವ ಆಸೆ ಇದ್ದರೆ, ರಟ್ಟಿನ ಒಂದು ಚೌಕ ಕತ್ತರಿಸಿ ನಡುವಿಗೆ ಗುಂಡುಸೂಜಿ ಚುಚ್ಚಿ. 15 ಡಿಗ್ರಿ ತಿರುಗಿಸಿ ಸುತ್ತ ಗೆರೆ, ಮತ್ತೆ 15 ತಿರುಗಿಸಿ ಗೆರೆ, ಹೀಗೆ ಒಟ್ಟು ಆರು ಚೌಕ ಬರೆಯಿರಿ. 24 ಮೂಲೆಯ ನಕ್ಷತ್ರ ಬರುತ್ತದೆ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯ ವಿಮಾನದ (ಗರ್ಭಗುಡಿ ಮತ್ತು ಅದರ ಮೇಲಿನ ಗೋಪುರ) ತಳವಿನ್ಯಾಸ ಇಂಥ 24 ಮೂಲೆಯ ನಕ್ಷತ್ರವೇ, ಕಲ್ಯಾಣ ಚಾಲುಕ್ಯರ ಕಾಲದ 12ನೇ ಶತಮಾನದ್ದು. ಹೊರಗೋಡೆಯ ಸುತ್ತ ನಡೆದರೆ ಹೆಜ್ಜೆ ಹೆಜ್ಜೆಗೆ ಗೋಡೆ ಮಡಚಿದ ಹಾಗೆ ಕಾಣುತ್ತದೆ. ನಿಮ್ಮ ಹಾಳೆಯ ನಕ್ಷತ್ರಕ್ಕೆ 24 ಸಮಮಿತಿ ರೇಖೆ. ಚೌಕದಿಂದ ಹುಟ್ಟಿದ್ದರಿಂದ ಪ್ರತಿ ಬಾಹುವಿಗೂ ಎದುರಲ್ಲಿ ಸಮಾಂತರ ಬಾಹು ಇದ್ದೇ ಇದೆ.

ಬಣ್ಣದ ವಿಷಯ ಒಂದು ಮಾತು, ಇದರಲ್ಲೂ ಮಾರ್ಕು ಹೋಗುತ್ತದೆ. ರಾಷ್ಟ್ರಧ್ವಜದ ಹೊರಗೆರೆ ಆಯತ, ಆದ್ದರಿಂದ 2 ಅಂತ ಬರೆಯುತ್ತಾರೆ. ಬಣ್ಣ ಲೆಕ್ಕಕ್ಕೆ ತೆಗೆದುಕೊಂಡರೆ ಒಂದೇ, ನೆಟ್ಟಗಿನ ಗೆರೆ. ಅಡ್ಡ ಮಡಚಿದರೆ ಕೇಸರಿ ಹಸಿರಿನ ಮೇಲೆ ಬೀಳುತ್ತದೆ. ನಮ್ಮ ಹಳದಿ ಕೆಂಪು ಬಾವುಟಕ್ಕೂ ಅಷ್ಟೆ. ಚಕ್ರವನ್ನು ಮಾತ್ರ ಬೇರೆ ತೆಗೆದು ನೋಡಿದರೆ 24 ಕಡ್ಡಿ, 24 ರೇಖೆ. ಪ್ರಶ್ನೆಯಲ್ಲಿ ಏನು ಕೇಳಿದ್ದಾರೆ ಅಂತ ಓದಿಕೊಳ್ಳಲಿ.

ಉಳಿದದ್ದು ತ್ರಾಪಿಜ್ಯ. ಇದರ ಹೆಸರಿನಲ್ಲೇ ಗಲಾಟೆ ಇದೆ. ನಮ್ಮಲ್ಲೂ ಬ್ರಿಟನ್ನಿನಲ್ಲೂ ಟ್ರಪೀಜಿಯಂ ಅಂದರೆ ಒಂದು ಜೊತೆ ಬಾಹು ಸಮಾಂತರ ಇರುವ ಚತುರ್ಭುಜ. ಅಮೆರಿಕದಲ್ಲಿ ಅದಕ್ಕೆ ಟ್ರಪೆಜಾಯ್ಡ್ ಅನ್ನುತ್ತಾರೆ, ಅಲ್ಲಿ ಟ್ರಪೀಜಿಯಂ ಅಂದರೆ ಒಂದು ಜೊತೆಯೂ ಸಮಾಂತರ ಇಲ್ಲದ್ದು. 1795ರಲ್ಲಿ ಚಾರ್ಲ್ಸ್ ಹಟನ್ ಅನ್ನುವ ಇಂಗ್ಲಿಷ್ ಗಣಿತಜ್ಞ ತನ್ನ ಗಣಿತ ನಿಘಂಟಿನಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಿ ಬರೆದ, ಇಂಗ್ಲೆಂಡ್ ಆಮೇಲೆ ಸರಿಮಾಡಿಕೊಂಡಿತು, ಅಮೆರಿಕ ಹಾಗೇ ಇಟ್ಟುಕೊಂಡಿತು. ಮಗ ಯೂಟ್ಯೂಬಿನಲ್ಲಿ ಅಮೆರಿಕದ ಪಾಠ ನೋಡುತ್ತಿದ್ದರೆ ಇದೊಂದು ನೆನಪಿರಲಿ. ಹೆಸರುಗಳಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಆಕೃತಿಗಳನ್ನು ಹೇಗೆ ವಿಂಗಡಿಸಬೇಕು ಅನ್ನುವುದು ಕಾಲಕಾಲಕ್ಕೆ ಬೇರೆಯಾಗಿದೆ. 9ನೇ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಚತುರ್ಭುಜಗಳನ್ನು ಐದು ಬಗೆ ಮಾಡುತ್ತಾನೆ: ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ. ಹೆಸರುಗಳನ್ನೇ ನೋಡಿ, ಎಷ್ಟು ಬಾಹು ಸಮ ಅನ್ನುವುದೇ ಅಲ್ಲಿನ ಅಳತೆಗೋಲು, ಸಮಾಂತರ ಅನ್ನುವ ಮಾತು ಹೆಸರಿನಲ್ಲಿಲ್ಲ. ನಾವು ಸಮಾಂತರ ಹಿಡಿದುಕೊಂಡು ವಿಂಗಡಿಸುತ್ತೇವೆ. ನಿಮ್ಮ ಮಗ ಸಮಮಿತಿ ಹಿಡಿದುಕೊಂಡು ವಿಂಗಡಿಸಿದರೆ ಗಾಳಿಪಟ ಮತ್ತು ಕೆಲವು ತ್ರಾಪಿಜ್ಯಗಳು ಒಂದೇ ಗುಂಪಿಗೆ ಬರುತ್ತವೆ, ಅದೂ ತಪ್ಪಲ್ಲ.

"ಕೆಲವು" ಅಂದೆ ನೋಡಿ, ಅಲ್ಲೇ ನಿಮ್ಮ ಪೇಪರಿನ ಸಮಸ್ಯೆ ಇರುವುದು. ಎರಡು ಓರೆ ಬಾಹುಗಳು ಒಂದೇ ಉದ್ದ ಇದ್ದು, ಒಂದು ಬಲಕ್ಕೆ ಒಂದು ಎಡಕ್ಕೆ ವಾಲಿದ್ದರೆ ಅದು ಸಮದ್ವಿಬಾಹು ತ್ರಾಪಿಜ್ಯ. ನಡುಗೆರೆ ಎರಡು ಸಮಾಂತರ ಬಾಹುಗಳನ್ನೂ ಲಂಬವಾಗಿ ದಾಟುತ್ತದೆ, ಒಂದು ಸಮಮಿತಿ ರೇಖೆ. ಆದರೆ ಎಲ್ಲ ತ್ರಾಪಿಜ್ಯವೂ ಹಾಗಿರುವುದಿಲ್ಲ. ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಓರೆ ಇರುವ ತ್ರಾಪಿಜ್ಯ ಬರೆದು ಮಡಚಿ ನೋಡಲಿ, ಎಲ್ಲೂ ಕೂಡುವುದಿಲ್ಲ. ಪ್ರಶ್ನೆಯ ಜೊತೆ ಸಮದ್ವಿಬಾಹು ತ್ರಾಪಿಜ್ಯದ ಚಿತ್ರ ಇದ್ದಿದ್ದರೆ "1" ಸರಿ. ಚಿತ್ರ ಇಲ್ಲದೆ ಬರೀ "ತ್ರಾಪಿಜ್ಯ" ಅಂತ ಕೇಳಿದ್ದರೆ ಅದಕ್ಕೆ ಒಂದೇ ಉತ್ತರ ಇಲ್ಲ, ಯಾವ ತ್ರಾಪಿಜ್ಯ ಅಂತ ತಿರುಗಿ ಕೇಳಬೇಕು. ಟೀಚರ್ ಹತ್ತಿರ ಹೋಗಿ ಮಾತಾಡುವುದಾದರೆ ಸಮಾಂತರ ಚತುರ್ಭುಜದ ಬಗ್ಗೆ ಮಾತಾಡಬೇಡಿ, ಅಲ್ಲಿ ನಿಮಗೆ ಸೋಲು. ಈ ತ್ರಾಪಿಜ್ಯದ ಬಗ್ಗೆ ಕೇಳಿ. ಕೇಳಿದ ಮೇಲೆ ಆ ಒಂದು ಮಾರ್ಕೂ ವಾಪಸ್ ಹೋದರೆ ನನ್ನನ್ನು ಬೈಕೋಬೇಡಿ.